ತಪ್ಪು ಕಂಡ ಜಾಗ, ತಪ್ಪು ಹುಟ್ಟಿದ ಜಾಗ: ಸ್ಲಾಲಂ ವಾಟರ್ ಸ್ಕೀಯಿಂಗ್ ಆಧರಿಸಿದ ಒಂದು ಅಭ್ಯಾಸ ಪಾಠ

ಪೀಠಿಕೆ

ಕಲಿಕೆಯಲ್ಲಿ ತಪ್ಪು ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತದೆ. ಕಂಡ ಕಡೆ ತಿದ್ದುವುದು ಸುಲಭ. ಹುಟ್ಟಿದ ಕಡೆ ತಿದ್ದಬೇಕಾದರೆ ಹಿಂದಕ್ಕೆ ನಡೆದು ಹುಡುಕಬೇಕು. ಅಭ್ಯಾಸ ಬೋಧನೆಯ ವೀಕ್ಷಣಾ ಪತ್ರಗಳನ್ನು ಹಲವು ವರ್ಷಗಳಿಂದ ಓದುತ್ತಿರುವ ನನಗೆ ಇದು ನಮ್ಮ ಕೆಲಸದ ಮುಖ್ಯ ಪ್ರಶ್ನೆಯೆಂದು ತೋರುತ್ತದೆ. ಅದನ್ನು ಇಲ್ಲಿ ಒಂದು ಆಟದ ಮೂಲಕ ಚರ್ಚಿಸುತ್ತೇನೆ. ಆಟದ ಹೆಸರು ಸ್ಲಾಲಂ ವಾಟರ್ ಸ್ಕೀಯಿಂಗ್.

ಈ ಆಟವನ್ನು ಆಯ್ದುಕೊಳ್ಳಲು ಎರಡು ಕಾರಣಗಳಿವೆ. ಮೊದಲನೆಯದು, ಇದರಲ್ಲಿ ದೂರ, ವೇಗ, ಹಗ್ಗದ ಉದ್ದ ಎಲ್ಲವೂ ಅಳತೆಗೆ ಸಿಗುವುದರಿಂದ ತಪ್ಪು ಎಲ್ಲಿ ಆರಂಭವಾಯಿತೆಂದು ತೋರಿಸಿ ಹೇಳಬಹುದು. ಎರಡನೆಯದು, ಹಾನಗಲ್ಲ ತಾಲೂಕಿನ ತಿಳವಳ್ಳಿಯ ಒಂದು ಪ್ರೌಢಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು 9ನೇ ತರಗತಿಯ ‘ಚಲನೆ’ ಘಟಕಕ್ಕೆ ಇದನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದರು. ಭೌತವಿಜ್ಞಾನ ಬೋಧನಾ ಪದ್ಧತಿಯ ಅಧ್ಯಾಪಕನಾಗಿ ಆ ಪಾಠವನ್ನು ನಾನು ಎರಡು ಸಲ ವೀಕ್ಷಿಸಿದೆ. ಮೊದಲು ಆಟದ ಪರಿಚಯ, ಅನಂತರ ಅದರ ತರಬೇತಿಯ ಕ್ರಮ, ಕೊನೆಗೆ ಪಾಠ ಮತ್ತು ಅದರ ತಿದ್ದುಪಡಿ ಎಂಬ ಅನುಕ್ರಮದಲ್ಲಿ ಲೇಖನ ಸಾಗುತ್ತದೆ.

ಆಟದ ಅಳತೆಗಳು

ಸ್ಲಾಲಂ ಎಂಬುದು ನಾರ್ವೇಜಿಯನ್ ಮೂಲದ ಪದ. ಇಳಿಜಾರಿನ ಜಾಡು ಎಂಬ ಅರ್ಥದಲ್ಲಿ ಹಿಮದ ಮೇಲಿನ ಆಟಕ್ಕೆ ಬಳಕೆಯಾಗುತ್ತಿತ್ತು, ಬಳಿಕ ನೀರಿಗೂ ಬಂದಿತು. ಮೋಟಾರು ದೋಣಿ ನೀರಿನ ನಡುವೆ ನೇರ ಗೆರೆಯಲ್ಲಿ ಒಂದೇ ವೇಗದಿಂದ ಹೋಗುತ್ತದೆ. ಅದಕ್ಕೆ ಕಟ್ಟಿದ ಹಗ್ಗದ ಹಿಡಿಯನ್ನು ಹಿಡಿದು, ಒಂದೇ ಸ್ಕೀ ಹಲಗೆಯ ಮೇಲೆ ಒಂದು ಪಾದ ಮುಂದೆ ಒಂದು ಪಾದ ಹಿಂದೆ ಇಟ್ಟು ನಿಂತ ಆಟಗಾರ, ಎಡಬಲಗಳಲ್ಲಿ ತೇಲುವ ಆರು ಬುಯ್‌ಗಳನ್ನು ಒಂದಾದ ಮೇಲೊಂದು ಸುತ್ತಿ ಹೋಗಬೇಕು. ಬುಯ್ ಎಂದರೆ ನೀರಿನಲ್ಲಿ ಗುರುತಿಗೆ ಬಿಟ್ಟ ತೇಲುಚೆಂಡು.

ಜಾಡಿನ ಒಟ್ಟು ಉದ್ದ 259 ಮೀಟರ್. ಪ್ರವೇಶದಲ್ಲಿ ಎರಡು ಚಿಕ್ಕ ಬುಯ್‌ಗಳ ಬಾಗಿಲು ಇದೆ, ಅಗಲ 2.5 ಮೀಟರ್. ಬಾಗಿಲಿನಿಂದ ಮೊದಲ ಬುಯ್‌ಗೆ ದೋಣಿಯ ದಿಕ್ಕಿನಲ್ಲಿ 27 ಮೀಟರ್, ಅಲ್ಲಿಂದ ಒಂದೊಂದು ಬುಯ್‌ಗೂ 41 ಮೀಟರ್, ಕೊನೆಯ ಬುಯ್‌ನಿಂದ ನಿರ್ಗಮನದ ಬಾಗಿಲಿಗೆ ಮತ್ತೆ 27 ಮೀಟರ್. ಬುಯ್‌ಗಳು ನಡುಗೆರೆಯಿಂದ 11.5 ಮೀಟರ್ ಆಚೆ ಇರುತ್ತವೆ.

ಸ್ಪರ್ಧೆಯಲ್ಲಿ ಸುತ್ತಿದ ಪ್ರತಿ ಬುಯ್‌ಗೆ ಒಂದು ಅಂಕ. ಆರನ್ನೂ ಮುಗಿಸಿದರೆ ದೋಣಿಯ ವೇಗ 3 ಕಿ.ಮೀ. ಏರುತ್ತದೆ. ಮುಕ್ತ ವಿಭಾಗದಲ್ಲಿ ಪುರುಷರಿಗೆ ಗಂಟೆಗೆ 58 ಕಿ.ಮೀ., ಮಹಿಳೆಯರಿಗೆ 55 ಕಿ.ಮೀ. ಗರಿಷ್ಠ ಮಿತಿ. ಅಲ್ಲಿಂದ ಮುಂದೆ ವೇಗ ಏರುವುದಿಲ್ಲ, ಹಗ್ಗ ಗಿಡ್ಡವಾಗುತ್ತದೆ: 18.25 ಮೀಟರ್, ನಂತರ 16, 14.25, 13, 12, 11.25, 10.75, 10.25, 9.75. ಬುಯ್ ಇರುವುದು 11.5 ಮೀಟರ್ ಆಚೆ. ಆದ್ದರಿಂದ 11.25ರ ಹಗ್ಗ ತಾನಾಗಿ ಬುಯ್ ಮುಟ್ಟಲಾರದು. ಉಳಿದದ್ದನ್ನು ಆಟಗಾರ ತನ್ನ ತೋಳು ಮತ್ತು ಮೈಯನ್ನು ಚಾಚಿ ತುಂಬಬೇಕು. ಬೋಧನೆಯ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದುದೆಂದರೆ ಹಂತಗಳ ರಚನೆ. ವೇಗ ಮತ್ತು ಹಗ್ಗ ಎರಡನ್ನೂ ಒಂದೇ ಸಲ ಕಠಿಣಗೊಳಿಸುವುದಿಲ್ಲ.

ತಂತ್ರ: ಬೀಳುವುದು ಮೂರರಲ್ಲಿ, ತಪ್ಪುವುದು ಬಾಗಿಲಲ್ಲಿ

ಹೊಸ ಆಟಗಾರ ಸಾಮಾನ್ಯವಾಗಿ ಮೂರನೆಯ ಅಥವಾ ನಾಲ್ಕನೆಯ ಬುಯ್‌ನಲ್ಲಿ ಬೀಳುತ್ತಾನೆ. ದಡದಲ್ಲಿ ನಿಂತವರು ‘ತಿರುವು ಸರಿಯಿಲ್ಲ’ ಎನ್ನುತ್ತಾರೆ. ಅನುಭವಿ ತರಬೇತುದಾರ ಮಾತ್ರ ಬಾಗಿಲಿನ ಕಡೆ ನೋಡುತ್ತಾನೆ. ಬಾಗಿಲಿಗೆ ಮೊದಲು ಆಟಗಾರ ದೋಣಿಯಿಂದ ದೂರ, ಎಡಕ್ಕೆ ಸರಿದಿರಬೇಕು. ಸಾಕಷ್ಟು ಸರಿಯದೆ, ತಡವಾಗಿ ತಿರುಗಿ ಬಾಗಿಲು ದಾಟಿದರೆ ಮೊದಲ ಬುಯ್‌ಗೆ ಬೇಕಾದ ಕೋನ ಸಿಗುವುದಿಲ್ಲ. ಬುಯ್ ಪಕ್ಕಕ್ಕೆ ಬಂದರೂ ಆತ ಇನ್ನೂ ಹೊರಕ್ಕೆ ಓಡುತ್ತಲೇ ಇರುತ್ತಾನೆ. ತಿರುವು ಬುಯ್ ದಾಟಿದ ಮೇಲೆ ಆಗುತ್ತದೆ. ಎರಡನೆಯದಕ್ಕೆ ಇನ್ನಷ್ಟು ತಡ, ಮೂರನೆಯದಕ್ಕೆ ಮತ್ತಷ್ಟು. ತಡವನ್ನು ತುಂಬಿಕೊಳ್ಳಲು ತೋಳು ಮಡಚಿ ಹಗ್ಗ ಎಳೆಯುತ್ತಾನೆ. ಹಗ್ಗ ಸಡಿಲವಾಗಿ, ಮರುಕ್ಷಣ ಜಗ್ಗಿ, ಆಟಗಾರ ಮುಗ್ಗರಿಸುತ್ತಾನೆ. ಬಿದ್ದದ್ದು ಮೂರರಲ್ಲಿ, ತಪ್ಪಿದ್ದು ಬಾಗಿಲಲ್ಲಿ. ಮೂರನೆಯ ಬುಯ್‌ನ ತಿರುವನ್ನು ನೂರು ಸಲ ತಿದ್ದಿದರೂ ಈ ತಪ್ಪು ಹೋಗದು.

ನಿಲುವಿನ ಪಾಠವೂ ಹೀಗೆಯೇ. ಮಂಡಿ ಸ್ವಲ್ಪ ಬಾಗಿರಬೇಕು, ಸೊಂಟ ಪಾದಗಳ ಮೇಲೆ ಎತ್ತರದಲ್ಲಿರಬೇಕು, ತೋಳು ನೇರ, ಹಿಡಿ ಸೊಂಟದ ಹತ್ತಿರ, ಎದೆ ಮೇಲೆ, ಕಣ್ಣು ಮುಂದೆ. ಕಣ್ಣು ಬುಯ್‌ನ ಮೇಲೆ ನೆಟ್ಟರೆ ತಲೆ ಬಾಗುತ್ತದೆ, ತಲೆಯ ಹಿಂದೆ ಭುಜ, ಭುಜದ ಹಿಂದೆ ಸೊಂಟ ಕುಸಿಯುತ್ತದೆ, ಭಾರ ಹಿಂಗಾಲಿಗೆ ಬೀಳುತ್ತದೆ. ‘ಸೊಂಟ ಎತ್ತು’ ಎಂದು ಕೂಗುವುದಕ್ಕಿಂತ ‘ದೂರ ನೋಡು’ ಎಂಬ ಒಂದು ಮಾತು ಹೆಚ್ಚು ಕೆಲಸ ಮಾಡುತ್ತದೆ.

ಗಂಟೆಗೆ 58 ಕಿ.ಮೀ. ಎಂದರೆ ಸೆಕೆಂಡಿಗೆ 16.1 ಮೀಟರ್. ಇಡೀ ಜಾಡು ಸುಮಾರು 16 ಸೆಕೆಂಡಿನ ಕೆಲಸ. ಒಂದು ಬುಯ್‌ನಿಂದ ಇನ್ನೊಂದಕ್ಕೆ ಸಿಗುವುದು ಎರಡೂವರೆ ಸೆಕೆಂಡಿನಷ್ಟು ಸಮಯ. ಅಷ್ಟರಲ್ಲಿ ಐದು ಸೂಚನೆಗಳನ್ನು ನೆನಪಿಡುವುದು ಯಾರಿಂದಲೂ ಆಗದು. ಆದ್ದರಿಂದ ಒಂದು ಸುತ್ತಿಗೆ ಒಂದೇ ಸೂಚನೆ ಎಂಬುದು ತರಬೇತಿಯ ಅನಿವಾರ್ಯ.

ಕಲಿಯುವವರಿಗೆ ಹಂತಗಳನ್ನು ಇಳಿಸುವ ಉಪಾಯಗಳೂ ಇವೆ. ದೋಣಿಯ ವೇಗ ತಗ್ಗಿಸುವುದು, 23 ಮೀಟರಿನ ಉದ್ದ ಹಗ್ಗ ಕೊಡುವುದು, ನಡುಗೆರೆಗೆ ಹತ್ತಿರವಾಗಿ ಬುಯ್ ಇಟ್ಟ ಕಿರುಜಾಡಿನಲ್ಲಿ ಲಯ ಕಲಿಸುವುದು. ಇನ್ನೊಂದು ಒಣನೆಲದ ಅಭ್ಯಾಸ: ಹಿಡಿಯನ್ನು ಮರಕ್ಕೋ ಕಂಬಕ್ಕೋ ಕಟ್ಟಿ, ನೆಲದ ಮೇಲೆಯೇ ಎಳೆತಕ್ಕೆ ಎದುರಾಗಿ ವಾಲಿ ನಿಲ್ಲುವುದು. ತೋಳು ಮಡಚಿದರೆ ತೋಳು ಸೋಲುತ್ತದೆ, ತೋಳು ನೇರವಿದ್ದರೆ ಇಡೀ ಮೈ ಭಾರ ಹೊರುತ್ತದೆ. ಮಾತಿನಲ್ಲಿ ತಿಳಿಯದ್ದು ಅರ್ಧ ನಿಮಿಷದಲ್ಲಿ ಮೈಗೆ ತಿಳಿಯುತ್ತದೆ.

ಸಲಕರಣೆ: ಕೂದಲೆಳೆಯ ಹೊಂದಾಣಿಕೆ

ವಾಟರ್ ಸ್ಕೀಯಿಂಗ್‌ನ ಆರಂಭವೇ ಸಲಕರಣೆ ಮತ್ತು ತಂತ್ರಗಳ ಜೊತೆಯಾಟದ ಕಥೆ. 1922ರಲ್ಲಿ ಅಮೆರಿಕದ ಮಿನೆಸೋಟದ ಲೇಕ್ ಪೆಪಿನ್ ಸರೋವರದಲ್ಲಿ ರಾಲ್ಫ್ ಸ್ಯಾಮುಯೆಲ್ಸನ್ ಎಂಬ 18ರ ತರುಣ ಪೀಪಾಯಿಯ ಹಲಗೆಗಳ ಮೇಲೆ ನಿಲ್ಲಲು ನೋಡಿದ, ಆಗಲಿಲ್ಲ. ಹಿಮದ ಸ್ಕೀಗಳಿಂದಲೂ ಆಗಲಿಲ್ಲ. ಎಂಟಡಿ ಉದ್ದದ ಹಲಗೆಗಳನ್ನು ತಂದು, ತುದಿಯನ್ನು ಕುದಿನೀರಿನಲ್ಲಿ ಮೆದುಮಾಡಿ ಮೇಲಕ್ಕೆ ಬಗ್ಗಿಸಿದ. ಆದರೂ ಹಲವು ಸಲ ಮುಳುಗಿದ. ಕೊನೆಗೆ ಸ್ಕೀ ತುದಿಗಳನ್ನು ನೀರಿನಿಂದ ಮೇಲಿಟ್ಟು, ಹಿಂದಕ್ಕೆ ವಾಲಿ ಹೊರಟಾಗ, ಆ ವರ್ಷದ ಜುಲೈ 2ರಂದು ನಿಂತ. ಒಳ್ಳೆಯ ಹಲಗೆ ಬೇಕೇ ಬೇಕಾಗಿತ್ತು, ಆದರೆ ಹಲಗೆಯೊಂದರಿಂದಲೇ ಆಗಲಿಲ್ಲ.

ಇಂದಿನ ಸ್ಲಾಲಂ ಸ್ಕೀಯಲ್ಲಿ ಹೊಂದಿಸಬಹುದಾದ ಅಂಗಗಳು ಹಲವು. ಆಟಗಾರನ ತೂಕ ಮತ್ತು ದೋಣಿಯ ವೇಗಕ್ಕೆ ತಕ್ಕ ಉದ್ದದ ಸ್ಕೀ ಆರಿಸಬೇಕು. ಪಾದ ಕೂರುವ ಬೂಟನ್ನು ಹಿಂದೆ ಮುಂದೆ ಸರಿಸಬಹುದು. ಮುಂದೆ ಸರಿಸಿದಷ್ಟು ಸ್ಕೀಯ ಮೂತಿ ಹೆಚ್ಚು ನೀರಿಗೆ ತಾಗುತ್ತದೆ. ಹಿಂಬದಿಯಲ್ಲಿ ಕೆಳಗೆ ಒಂದು ಲೋಹದ ಫಿನ್ ಇರುತ್ತದೆ. ಅದು ಆಳಕ್ಕಿಳಿದಷ್ಟು ಸ್ಕೀಯ ಬಾಲ ನೀರಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಮೇಲೇರಿದಷ್ಟು ಸುಲಭವಾಗಿ ಜಾರುತ್ತದೆ. ಫಿನ್‌ಗೆ ಜೋಡಿಸಿದ ಚಿಕ್ಕ ರೆಕ್ಕೆಯ ಕೋನ ಹೆಚ್ಚಿಸಿದರೆ ಬುಯ್‌ಗೆ ಮೊದಲು ವೇಗ ತಗ್ಗಲು ನೆರವಾಗುತ್ತದೆ. ಫಿನ್‌ನ ಬದಲಾವಣೆಗಳನ್ನು ಇಂಚಿನ ಸಾವಿರದ ಭಾಗಗಳಲ್ಲಿ, ಕ್ಯಾಲಿಪರ್‌ನಿಂದ ಅಳೆದು ಮಾಡುತ್ತಾರೆ.

ಇಲ್ಲಿನ ಶಿಸ್ತು ನಮಗೆ ಬಹಳ ಉಪಯುಕ್ತ. ಮುಟ್ಟುವ ಮೊದಲು ಈಗಿನ ಅಳತೆಯನ್ನು ಬರೆದಿಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬದಲಿಸಿದ ಮೇಲೆ ಹಲವು ಸುತ್ತು ಹೋಗಿ ನೋಡಬೇಕು. ಪ್ರಯೋಜನವಾಗದಿದ್ದರೆ ಹಳೆಯ ಅಳತೆಗೆ ಹಿಂತಿರುಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಿಲುವು ಪ್ರತಿ ಸುತ್ತಿಗೂ ಬೇರೆಯಾಗುತ್ತಿರುವ ಆಟಗಾರನ ಫಿನ್ ಮುಟ್ಟಬಾರದು. ಏಕೆಂದರೆ ಫಲಿತಾಂಶ ಬದಲಾದದ್ದು ಫಿನ್‌ನಿಂದಲೋ ಮೈಯಿಂದಲೋ ತಿಳಿಯುವುದಿಲ್ಲ.

ನಮ್ಮ ನೆಲದ ಪೂರ್ವಜ್ಞಾನ

ದೋಣಿ, ಸ್ಕೀ ಕಾಣದ ಮಕ್ಕಳಿಗೆ ಇದನ್ನು ಹೇಗೆ ಮುಟ್ಟಿಸುವುದು? ಹಾನಗಲ್ಲ ಸೀಮೆ ಭತ್ತ ಬೆಳೆಯುವ ನಾಡು. ಕೆಸರುಗದ್ದೆ ಸಮ ಮಾಡಲು ಎತ್ತು ಕಟ್ಟಿದ ಹಲಗೆಯ ಮೇಲೆ ಮನುಷ್ಯ ನಿಂತು ಹೋಗುವುದನ್ನು ಮಕ್ಕಳು ಕಂಡಿದ್ದಾರೆ, ಇಲ್ಲವೆ ಅಜ್ಜಂದಿರಿಂದ ಕೇಳಿದ್ದಾರೆ. ಎಳೆಯುವ ಬಲ, ನೀರಿನ ಮೇಲೆ ಜಾರುವ ಹಲಗೆ, ವಾಲಿ ನಿಂತ ಮೈ: ವಾಟರ್ ಸ್ಕೀಯಿಂಗ್‌ನ ಮೂರೂ ಅಂಶಗಳು ಅಲ್ಲಿವೆ.

ಕರಾವಳಿಯ ಕಂಬಳ ಇದನ್ನೇ ಸ್ಪರ್ಧೆಯಾಗಿ ಬೆಳೆಸಿದೆ. ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆಹಲಗೆ ಎಂಬ ವಿಭಾಗಗಳಲ್ಲಿ ಕೊನೆಯ ಎರಡರಲ್ಲಿ ಕೋಣಗಳನ್ನು ಓಡಿಸುವವನು ಹಲಗೆಯ ಮೇಲೆ ಇರುತ್ತಾನೆ. ಕನೆಹಲಗೆಯ ತೂತುಗಳಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ಅಲ್ಲಿ ಓಟದ ವೇಗದಷ್ಟೇ ಹಲಗೆಯ ಮೇಲಿನ ನಿಲುವು ಮುಖ್ಯ. ಅನುಭವದಿಂದ ಬರುತ್ತಿದ್ದ ಈ ವಿದ್ಯೆಯನ್ನು ಕ್ರಮವಾಗಿ ಕಲಿಸಲು 2011ರಲ್ಲಿ ಕಂಬಳ ಅಕಾಡೆಮಿ ಆರಂಭವಾಯಿತು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದ್ದು ದೇಶದಾದ್ಯಂತ ಸುದ್ದಿಯಾಯಿತು. ಸರಾಸರಿ ಜವ ಸೆಕೆಂಡಿಗೆ 10.46 ಮೀಟರ್. ತರಗತಿಯಲ್ಲಿ ಸ್ಲಾಲಂ ದೋಣಿಯ 16.1ರ ಪಕ್ಕದಲ್ಲಿ ಬರೆಯಲು ಇದಕ್ಕಿಂತ ಒಳ್ಳೆಯ ಸಂಖ್ಯೆ ಸಿಗದು.

ಪಾಠ: ಮೈದಾನದಲ್ಲಿ ಜಾಡು

ಪಾಠದ ಉದ್ದೇಶಗಳು ಎರಡು: ವಿದ್ಯಾರ್ಥಿಯು ದೂರ ಮತ್ತು ಕಾಲದಿಂದ ಸರಾಸರಿ ಜವ ಲೆಕ್ಕ ಹಾಕುವನು, ಒಂದೇ ಕಾಲದಲ್ಲಿ ನೇರ ಹಾದಿಗಿಂತ ಓರೆ ಹಾದಿಗೆ ಹೆಚ್ಚು ಜವ ಬೇಕೆಂದು ವಿವರಿಸುವನು. ಬೋಧನೋಪಕರಣಗಳು: ಗೂಟ, ಸುಣ್ಣದ ಪುಡಿ, ಅಳತೆಪಟ್ಟಿ, 18.25, 14.25, 12 ಮತ್ತು 11.25 ಮೀಟರಿನಲ್ಲಿ ಗಂಟು ಹಾಕಿದ ಒಂದು ಹುರಿಹಗ್ಗ.

ಚಟುವಟಿಕೆ ಸರಳ. ಗೂಟವೇ ದೋಣಿ. ಗೂಟದ ಮೂಲಕ ಒಂದು ನಡುಗೆರೆ, ಅದರಿಂದ 11.5 ಮೀಟರ್ ದೂರದಲ್ಲಿ ಸಮಾಂತರವಾಗಿ ಬುಯ್‌ಗೆರೆ. ಹಗ್ಗವನ್ನು ಬಿಗಿಯಾಗಿ ಹಿಡಿದು ಬುಯ್‌ಗೆರೆಯನ್ನು ಮುಟ್ಟಬೇಕು. 18.25ರ ಗಂಟಿನಲ್ಲಿ ಮುಟ್ಟಿದ ಜಾಗ ಗೂಟಕ್ಕಿಂತ ಸುಮಾರು 14.2 ಮೀಟರ್ ಹಿಂದೆ ಇರುತ್ತದೆ. 14.25ರಲ್ಲಿ 8.4 ಮೀಟರ್. 12ರಲ್ಲಿ ಬರೀ 3.4 ಮೀಟರ್. ಅಂದರೆ ಆಟಗಾರ ಬಹುಮಟ್ಟಿಗೆ ದೋಣಿಯ ಪಕ್ಕಕ್ಕೇ ಬಂದ ಹಾಗೆ. ನಡುಗೆರೆಯೊಂದಿಗೆ ಹಗ್ಗದ ಕೋನ 39 ಡಿಗ್ರಿಯಿಂದ 73 ಡಿಗ್ರಿಗೆ ಏರುತ್ತದೆ. 11.25ರ ಗಂಟು ಗೆರೆಯನ್ನು ಮುಟ್ಟುವುದೇ ಇಲ್ಲ. ಆಗ ಮಕ್ಕಳು ತಾವಾಗಿಯೇ ಕೈ ಚಾಚುತ್ತಾರೆ. ಈ ಕೈ ಚಾಚುವ ಕ್ಷಣವೇ ಪಾಠದ ತಿರುಳು. 10ನೇ ತರಗತಿಯಲ್ಲಿ ಇದನ್ನೇ ತ್ರಿಕೋನಮಿತಿಗೆ ಮುಂದುವರಿಸಬಹುದು.

ಮುಂದಿನ ಲೆಕ್ಕ: ದೋಣಿ 41 ಮೀಟರ್ ಹೋಗುವಷ್ಟರಲ್ಲಿ ಆಟಗಾರ ಅಡ್ಡಲಾಗಿ 23 ಮೀಟರ್ ದಾಟಬೇಕು. ಅಳತೆಗೆ ಇಳಿಸಿ ಚಿತ್ರ ಬರೆದರೆ ಓರೆಗೆರೆ 47 ಮೀಟರ್. 2.55 ಸೆಕೆಂಡಿನಲ್ಲಿ 47 ಮೀಟರ್ ಎಂದರೆ ಗಂಟೆಗೆ 66 ಕಿ.ಮೀ.ಗೂ ಮೇಲೆ. ನಿಜವಾದ ಹಾದಿ ಬಾಗಿರುವುದರಿಂದ ಜವ ಇನ್ನೂ ಹೆಚ್ಚು. ‘ದೋಣಿ ಎಳೆಯುವವನು ದೋಣಿಗಿಂತ ಜೋರಾಗಿ ಹೇಗೆ ಹೋಗುತ್ತಾನೆ?’ ಎಂದು ಒಬ್ಬ ಹುಡುಗಿ ಕೇಳಿದ್ದು ಒಳ್ಳೆಯ ಪ್ರಶ್ನೆ.

ಒಂದು ಷರತ್ತನ್ನು ಪಾಠಯೋಜನೆಯ ಮೊದಲ ಸಾಲಿನಲ್ಲೇ ಬರೆಯಿಸಿದೆ. ಪಾಠ ಮೈದಾನದಲ್ಲಿ, ನೀರಿನಲ್ಲಿ ಅಲ್ಲ. ನಮ್ಮ ಭಾಗದಲ್ಲಿ ಕೆರೆ ಮತ್ತು ಕೃಷಿ ಹೊಂಡಗಳು ಶಾಲೆಗೆ ದೂರವಿಲ್ಲ, ಮಕ್ಕಳ ಕುತೂಹಲಕ್ಕೂ ಮಿತಿಯಿಲ್ಲ. ಈ ಆಟಕ್ಕೆ ಲೈಫ್ ಜಾಕೆಟ್, ದೋಣಿಯಲ್ಲಿ ಚಾಲಕನ ಜೊತೆಗೆ ಹಿಂದೆ ನೋಡುವ ಇನ್ನೊಬ್ಬ, ಗೊತ್ತುಪಡಿಸಿದ ಕೈಸನ್ನೆ, ಆಳ ತಿಳಿದ ಜಲಾಶಯ ಎಲ್ಲವೂ ಬೇಕು. ಹಗ್ಗವನ್ನು ಎಂದೂ ಕೈಗೆ ಸುತ್ತಿಕೊಳ್ಳಬಾರದು. ಇದನ್ನು ಕೇಳಿದ ಮಕ್ಕಳು ಬೈಕಿಗೆ ಹಗ್ಗ ಕಟ್ಟಿ ಕೆರೆಗಿಳಿಯುವಂತಾದರೆ ಪಾಠದ ಎಲ್ಲ ಉದ್ದೇಶಗಳೂ ನೀರುಪಾಲು.

ಮೊದಲ ಬೋಧನೆ, ಮರುಬೋಧನೆ

ಮೊದಲ ದಿನ ‘ಎ’ ವಿಭಾಗದಲ್ಲಿ ಪಾಠ ನಡೆಯಿತು. 40 ನಿಮಿಷದ ಅವಧಿ. ಪ್ರಶಿಕ್ಷಣಾರ್ಥಿ ಆಟದ ವಿಡಿಯೊ ತೋರಿಸಿ, ಇತಿಹಾಸ ಮತ್ತು ನಿಯಮಗಳನ್ನು ವಿವರಿಸಿ ಮೈದಾನಕ್ಕೆ ಬರುವಷ್ಟರಲ್ಲಿ 20 ನಿಮಿಷ ಕಳೆದಿತ್ತು. ಹಗ್ಗ ಹಿಡಿಯಲು ನೂಕುನುಗ್ಗಲಾಯಿತು. ಅಳತೆ ತೆಗೆದವರು ಇಬ್ಬರೇ. ಲೆಕ್ಕ ಆರಂಭವಾಗುವ ಮೊದಲೇ ಗಂಟೆ ಬಾರಿಸಿತು.

ಸಹಪಾಠಿಗಳ ವೀಕ್ಷಣಾ ಪತ್ರಗಳಲ್ಲಿ ಒಟ್ಟು ಹನ್ನೊಂದು ಟಿಪ್ಪಣಿಗಳಿದ್ದವು. ತರಗತಿ ನಿಯಂತ್ರಣವಿಲ್ಲ, ಧ್ವನಿ ಏರುಪೇರು, ಕಪ್ಪುಹಲಗೆ ಬಳಕೆ ಸಾಲದು, ಪ್ರಶ್ನೆಗಳ ಹಂಚಿಕೆ ಸಮವಾಗಿಲ್ಲ, ಮೌಲ್ಯಮಾಪನವಿಲ್ಲ ಇತ್ಯಾದಿ. ಒಂದೂ ಸುಳ್ಳಲ್ಲ. ಆದರೆ ಹನ್ನೊಂದನ್ನೂ ಓದಿ ಮುಗಿಸಿದ ಆಕೆ, ‘ಸರ್, ಈ ಕೆಲಸ ನನಗೆ ಒಗ್ಗೂದಿಲ್ಲ ಅನಸ್ತದ’ ಎಂದರು. ಮನೆಯಲ್ಲಿ ಮೊದಲ ಪದವೀಧರೆಯಾಗಿ, ದಿನಾಲೂ ಎರಡು ಬಸ್ಸು ಬದಲಿಸಿ ಬರುವ ವಿದ್ಯಾರ್ಥಿನಿ ಅವರು. ಅಂಥವರನ್ನು ನಾವು ಕಳೆದುಕೊಳ್ಳುವುದು ಹೀಗೆ ಬರೆದ ಕಾಗದಗಳಿಂದ.

ನಾವಿಬ್ಬರೂ ಪಾಠವನ್ನು ಕೊನೆಯಿಂದ ಹಿಂದಕ್ಕೆ ಓದಿದೆವು. ಮೌಲ್ಯಮಾಪನ ಏಕಿಲ್ಲ? ಸಮಯವಿರಲಿಲ್ಲ. ಕಪ್ಪುಹಲಗೆ ಏಕಿಲ್ಲ? ಬರೆಯಲು ಅಳತೆಗಳೇ ಬಂದಿರಲಿಲ್ಲ. ಧ್ವನಿ ಏಕೆ ಏರಿತು? ಗದ್ದಲವಿತ್ತು. ಗದ್ದಲ ಏಕೆ? 20 ನಿಮಿಷ ಕೂತು ಕಾದ ಮಕ್ಕಳ ಎದುರು ಒಂದೇ ಹಗ್ಗ, ಅವಸರ. ಎಲ್ಲ ದಾರಿಗಳೂ ಪೀಠಿಕೆಗೇ ಹೋಗಿ ನಿಂತವು. ಪಾಠ ಬಾಗಿಲಿನಲ್ಲಿ ತಡವಾಗಿತ್ತು, ಬಿದ್ದದ್ದು ಮೂರನೆಯ ಬುಯ್‌ನಲ್ಲಿ. ಇದನ್ನು ನಾನು ಹೇಳುವ ಮೊದಲೇ ಆಕೆ ಹೇಳಿದರು.

ಮರುದಿನ ‘ಬಿ’ ವಿಭಾಗಕ್ಕೆ ಅದೇ ಪಾಠ. ಬದಲಿಸಿದ್ದು ಒಂದೇ: ಪೀಠಿಕೆ ಐದು ನಿಮಿಷ ಮೀರಬಾರದು. ಗದ್ದೆಯ ಹಲಗೆಯ ಬಗ್ಗೆ ಎರಡು ಪ್ರಶ್ನೆ, ಸ್ಲಾಲಂ ಬಗ್ಗೆ ನಾಲ್ಕು ವಾಕ್ಯ, ನೇರ ಮೈದಾನ. ಹಗ್ಗ ಒಂದೇ ಇತ್ತು, ಗುಂಪುಗಳೂ ಅವೇ. ಎಲ್ಲ ಗುಂಪುಗಳಿಗೂ ಹಗ್ಗ ಸಿಕ್ಕಿತು, ನಾಲ್ಕು ಅಳತೆಗಳು ಹಲಗೆಯ ಮೇಲೆ ಬಂದವು, ಲೆಕ್ಕ ಮುಗಿದು ಮೂರು ಮೌಲ್ಯಮಾಪನ ಪ್ರಶ್ನೆಗಳಿಗೆ ಸಮಯ ಉಳಿಯಿತು. ಗದ್ದಲದ ಬಗ್ಗೆ ಯಾರೂ ಟಿಪ್ಪಣಿ ಬರೆಯಲಿಲ್ಲ. ಪ್ರಶ್ನೆಗಳ ಹಂಚಿಕೆ ಮಾತ್ರ ಹಾಗೆಯೇ ಉಳಿಯಿತು. ಮುಂದಿನ ಸಾಲಿನವರೇ ಉತ್ತರಿಸಿದರು. ಅಂದರೆ ಅದು ಬೇರೆ ಕಡೆ ಹುಟ್ಟಿದ ತಪ್ಪು. ಅದನ್ನು ಮೂರನೆಯ ಪಾಠದ ಒಂದೇ ಗುರಿಯಾಗಿ ಇಟ್ಟೆವು.

ವೀಕ್ಷಕರಿಗೆ ಸೂಚನೆಗಳು

ಈ ಕ್ರಮ ನಮಗೆ ಹೊಸದಲ್ಲ. 1963ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡ ಸೂಕ್ಷ್ಮ ಬೋಧನೆಯ ತಳಹದಿಯೇ ಒಂದು ಸಲಕ್ಕೆ ಒಂದು ಕೌಶಲ. ಭಾರತೀಯ ಮಾದರಿಯ 36 ನಿಮಿಷದ ಚಕ್ರದಲ್ಲಿ ಬೋಧನೆಗೆ 6, ಹಿಮ್ಮಾಹಿತಿಗೆ 6, ಮರುಯೋಜನೆಗೆ 12, ಮರುಬೋಧನೆಗೆ 6, ಮರುಹಿಮ್ಮಾಹಿತಿಗೆ 6 ನಿಮಿಷ. ಹೆಚ್ಚು ಕಾಲ ಮರುಯೋಜನೆಗೆ ಮೀಸಲಾಗಿರುವುದನ್ನು ಗಮನಿಸಿ. ಸೂಕ್ಷ್ಮ ಬೋಧನೆಯಲ್ಲಿ ಪಾಲಿಸುವ ಈ ನಿಯಮವನ್ನು ಪೂರ್ಣ ಪಾಠದ ವೀಕ್ಷಣೆಗೆ ಬಂದಾಗ ನಾವು ಕೈಬಿಡುತ್ತೇವೆ. ಅದನ್ನು ಉಳಿಸಿಕೊಳ್ಳಲು ನಾಲ್ಕು ಸಲಹೆಗಳು:

1. ತಪ್ಪಿನ ಪಕ್ಕದಲ್ಲಿ ಅದು ಕಂಡ ನಿಮಿಷವನ್ನು ಬರೆಯಿರಿ. ಅನಂತರ ಅದಕ್ಕೆ ಕಾರಣವಾದದ್ದು ಯಾವ ನಿಮಿಷದಲ್ಲಿ ನಡೆಯಿತೆಂದು ಹಿಂದಕ್ಕೆ ಹುಡುಕಿ.

2. ತೊಂದರೆ ಶಿಕ್ಷಕರ ಕೌಶಲದಲ್ಲೋ, ಬೋಧನೋಪಕರಣದಲ್ಲೋ, ಹಂತದ ಎತ್ತರದಲ್ಲೋ ಎಂದು ಬೇರ್ಪಡಿಸಿ. ಕೌಶಲದ ಕೊರತೆಯನ್ನು ಹೊಸ ಚಾರ್ಟ್ ತುಂಬಲಾರದು. ಹಾಗೆಯೇ ಕಿರಿದಾದ ಹಗ್ಗದ ತೊಂದರೆಗೆ ಆಟಗಾರನನ್ನು ದೂರಬಾರದು.

3. ಮುಂದಿನ ಪಾಠಕ್ಕೆ ಒಂದೇ ಬದಲಾವಣೆ ಕೊಡಿ. ಉಳಿದ ಟಿಪ್ಪಣಿಗಳನ್ನು ನಿಮ್ಮ ಪುಸ್ತಕದಲ್ಲಿ ಇಟ್ಟುಕೊಳ್ಳಿ. ಅವುಗಳಲ್ಲಿ ಕೆಲವು ತಾವಾಗಿಯೇ ಹೋಗುತ್ತವೆ.

4. ಬದಲಾವಣೆಗೆ ಮೊದಲು ಇದ್ದದ್ದನ್ನು ದಾಖಲಿಸಿ. ಫಲ ಕಾಣದಿದ್ದರೆ ಹಿಂತಿರುಗಲು ದಾರಿ ಇರಬೇಕು.

ಈ ಪಾಠವನ್ನು ಬೇರೆ ಶಾಲೆಗಳಲ್ಲಿ ಮಾಡಿ ನೋಡುವ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ಮೈದಾನ ಚಿಕ್ಕದಿದ್ದರೆ ಎಲ್ಲ ಅಳತೆಗಳನ್ನೂ ಅರ್ಧಕ್ಕೆ ಇಳಿಸಿ, ಕೋನಗಳು ಬದಲಾಗುವುದಿಲ್ಲ. ಹಗ್ಗದ ಗಂಟುಗಳನ್ನು ಹಿಂದಿನ ದಿನವೇ ಹಾಕಿಡಿ. 11.25ರ ಗಂಟಿಗೆ ಬಂದಾಗ ಮಾತ್ರ ಏನನ್ನೂ ಹೇಳಬೇಡಿ. ಕೈ ಚಾಚುವುದನ್ನು ಮಕ್ಕಳೇ ಕಂಡುಕೊಳ್ಳಲಿ.